ಹೊತ್ತು ಮುಳುಗುವ ಮುಂಚೆ

ಬಂಟ್ವಾಳದ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಹೊರರಾಜ್ಯದ ಕೂಲಿಯವರಿಗೆ ಅಕ್ಕಿ, ಕಂಬಳಿ ಕೊಡಲು ನಮ್ಮ ಚರ್ಚಿನಲ್ಲಿ ವಂತಿಗೆ ಎತ್ತುತ್ತಿದ್ದಾರೆ. ಅವರು ಕಮ್ಮಿ ಕೂಲಿಗೆ ಒಪ್ಪುತ್ತಾರೆ, ನಮ್ಮ ಹುಡುಗರಿಗೇ ಕೆಲಸ ಇಲ್ಲ. ಓದಿದ ನನ್ನ ಮಗನೂ ಮನೆಯಲ್ಲಿ ಕೂತಿದ್ದಾನೆ. ಬಂದವರಲ್ಲಿ ಹೆಚ್ಚಿನವರು ಕ್ರೈಸ್ತರೂ ಅಲ್ಲ. ತನ್ನವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆ ಎಂದು ಬೈಬಲಿನ ತಿಮೊಥೆಯನ ಪತ್ರದಲ್ಲೇ ಇದೆಯಲ್ಲ? ನೀವೇನು ಹೇಳುತ್ತೀರಿ?"

ಪ್ರಿಯ ಸಹೋದರರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮನೆಯಲ್ಲಿ ಓದಿದ ಮಗ ಸುಮ್ನೆ ಕೂತಿರುವಾಗ ಇಂಥ ಪ್ರಶ್ನೆ ಬಂದೇ ಬರುತ್ತದೆ. ಅದನ್ನು ಬಾಯಿಬಿಟ್ಟು ಕೇಳಿದ್ದೀರಿ, ಒಳ್ಳೆಯದಾಯಿತು.

ಮೊದಲು ನೀವು ತೋರಿಸಿದ ವಾಕ್ಯ. ತಿಮೊಥೆಯನಿಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯವನ್ನು 3ನೇ ವಚನದಿಂದ ಓದಿ ನೋಡಿ. ಅಲ್ಲಿರುವುದು ವಿಧವೆಯರ ಮಾತು. ಮಕ್ಕಳು, ಮೊಮ್ಮಕ್ಕಳು ಇದ್ದೂ ವಯಸ್ಸಾದ ತಾಯಿಯನ್ನು ಸಭೆಯ ಮೇಲೆ ಹಾಕಬೇಡಿ ಎನ್ನುವುದು ಅದರ ಅರ್ಥ. ಹೊರಗಿನವನಿಗೆ ಬಾಗಿಲು ಹಾಕಿ ಎಂದು ಅದು ಹೇಳುವುದಿಲ್ಲ. ಮತ್ತಾಯ 25ರಲ್ಲಂತೂ ಯೇಸು ತಾನೇ ಪರದೇಶಿಯ ಜಾಗದಲ್ಲಿ ನಿಲ್ಲುತ್ತಾನೆ. ಆ ಪರದೇಶಿಯ ಧರ್ಮ ಯಾವುದು ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಆದರೆ ಕಂಬಳಿಯ ಬಗ್ಗೆ ನನಗೂ ಒಂದು ತಕರಾರಿದೆ. ನಿಮ್ಮದಕ್ಕಿಂತ ಬೇರೆ ತಕರಾರು.

ಕೆಲವು ವರ್ಷಗಳ ಹಿಂದೆ ಒಂದು ಚರ್ಚಿನ ಸಭಾಂಗಣ ಕಟ್ಟುತ್ತಿದ್ದರು. ಒಡಿಶಾದ ಹುಡುಗರು ಸೆಂಟ್ರಿಂಗ್ ಕೆಲಸಕ್ಕೆ ಬಂದಿದ್ದರು. ಕ್ರಿಸ್ಮಸ್‌ಗೆ ಅವರಿಗೆ ಕೇಕು, ಹೊಸ ಟವೆಲ್ಲು ಕೊಡಲು ನಾವು ನಾಲ್ಕೈದು ಜನ ಶೆಡ್ಡಿಗೆ ಹೋದೆವು. ತಗಡಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಎಳೆದಿದ್ದರು. ನಾಲ್ಕು ಗೀಟು, ಅಡ್ಡಕ್ಕೊಂದು. ಏನಿದು ಎಂದು ಕೇಳಿದೆ. ಹಾಜರಿ ಎಂದ ಒಬ್ಬ. ಎಣಿಸಿದರೆ ನಲವತ್ತೊಂದು ದಿನ ಆಗಿತ್ತು. ಅಷ್ಟೂ ದಿನದ ಕೂಲಿ ಬಾಕಿ. ಮೇಸ್ತ್ರಿ ಊಟಕ್ಕೆ ಅಂತ ವಾರಕ್ಕಿಷ್ಟು ಕೊಟ್ಟು, ಉಳಿದದ್ದನ್ನು ಊರಿಗೆ ಹೋಗುವಾಗ ಚುಕ್ತಾ ಮಾಡುತ್ತೇನೆ ಎಂದಿದ್ದನಂತೆ. ಚರ್ಚು ಕಾಂಟ್ರಾಕ್ಟರಿಗೆ ದುಡ್ಡು ಕೊಟ್ಟಾಗಿತ್ತು, ಹಾಗಾಗಿ ನಮ್ಮಲ್ಲಿ ಯಾರೂ ಮುಂದಕ್ಕೆ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಕೈಯಲ್ಲಿ ಕೇಕಿನ ಡಬ್ಬಿ ಹಿಡಿದುಕೊಂಡು ಆ ಗೀಟುಗಳ ಮುಂದೆ ನಿಂತದ್ದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಬೈಬಲಿನ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡ 24ರಲ್ಲಿ ಇದಕ್ಕೆ ನೇರವಾದ ಕಟ್ಟಳೆ ಇದೆ. ಕೂಲಿಯವನು ನಿನ್ನ ಜನರವನೇ ಆಗಲಿ, ನಿನ್ನ ಊರಲ್ಲಿರುವ ಪರದೇಶಿಯೇ ಆಗಲಿ, ಅವನ ಕೂಲಿಯನ್ನು ಅದೇ ದಿನ ಹೊತ್ತು ಮುಳುಗುವ ಮುಂಚೆ ಕೊಟ್ಟುಬಿಡು. ಅವನು ಬಡವ, ಅದನ್ನೇ ನೆಚ್ಚಿಕೊಂಡಿದ್ದಾನೆ. ಇದು ದಾನದ ಮಾತಲ್ಲ, ಲೆಕ್ಕದ ಮಾತು. ಯಾಕೋಬನೂ ತನ್ನ ಪತ್ರದ 5ನೇ ಅಧ್ಯಾಯದಲ್ಲಿ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ ಎನ್ನುತ್ತಾನೆ.

ಈಗ ನಿಮ್ಮ ಹುಡುಗರ ವಿಷಯ. ಹೊರಗಿನವರು ಕಮ್ಮಿ ಕೂಲಿಗೆ ಒಪ್ಪುತ್ತಾರೆ, ನಮ್ಮವರನ್ನು ಯಾರೂ ಕರೆಯುವುದಿಲ್ಲ ಎನ್ನುತ್ತೀರಿ. ಹೌದು, ಎಷ್ಟೋ ಕಡೆ ಹಾಗೇ ಆಗುತ್ತಿದೆ. ಆದರೆ ಕೂಲಿ ಇಳಿಸಿದ್ದು ಯಾರು? ಒಂದೇ ಕೆಲಸಕ್ಕೆ ಸ್ಥಳೀಯರಿಗಿಂತ ಕಮ್ಮಿ ಕೂಲಿ ಕೊಡಬಾರದು ಎಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಬಂದವನಿಗೆ ಸರಿಯಾದ ಕೂಲಿ ಸಿಕ್ಕರೆ ನಿಮ್ಮ ಮಗನ ಕೂಲಿಯೂ ಬೀಳುವುದಿಲ್ಲ, ಅಲ್ವಾ? ಇಬ್ಬರದೂ ಒಂದೇ ಜಗಳ.

ನಮ್ಮ ಕರಾವಳಿಯವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಕೊಂಕಣಿ ಕ್ರೈಸ್ತರ ಹಿರಿಯರು ಗೋವೆ ಬಿಟ್ಟು ಬಂದವರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದ ಮೇಲೆ, ಕ್ರೈಸ್ತರಾದವರನ್ನು ಅವರ ಜಾತಿಯವರು ಹೊರಗೆ ಹಾಕಿದರು. ಮನೆಯೂ ಹೋಯಿತು, ಕಸುಬೂ ಹೋಯಿತು. ಅವರನ್ನು ಬರೀ ಗಂಜಿ ಹಾಕಿ ಕಳಿಸಿದ್ದರೆ ಏನಾಗುತ್ತಿತ್ತು? ಮಿಶನ್ ನೇಯ್ಗೆ ಶಾಲೆ ತೆರೆಯಿತು, 1865ರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿತು. ದುಡಿಮೆ ಕೊಟ್ಟಿತು. ಇವತ್ತು ನಮ್ಮದೇ ಮಕ್ಕಳು ಗಲ್ಫಿನಲ್ಲಿದ್ದಾರೆ. ಒಂದು ತಿಂಗಳು ಸಂಬಳ ತಡವಾದರೆ ಇಲ್ಲಿ ತಾಯಂದಿರಿಗೆ ನಿದ್ದೆ ಬರುವುದಿಲ್ಲ. ಒಡಿಶಾದಲ್ಲೂ ತಾಯಂದಿರಿದ್ದಾರೆ.

ಹಾಗಾಗಿ ವಂತಿಗೆ ಕೊಡಬೇಡಿ ಎಂದು ನಾನು ಹೇಳಲಾರೆ. ಚಳಿಗೆ ಕಂಬಳಿ ಬೇಕು. ಅದರ ಜೊತೆ ಇನ್ನೊಂದು ಕೆಲಸ ಮಾಡಿ. ನಿಮ್ಮ ಚರ್ಚಿನ ಗೇಟಿನ ಹತ್ತಿರ ಕಾಂಪೌಂಡು ಏಳುತ್ತಿದೆ ಎಂದು ಬರೆದಿದ್ದೀರಿ. ಮುಂದಿನ ಕಮಿಟಿ ಮೀಟಿಂಗಿನಲ್ಲಿ ಎದ್ದು ನಿಂತು, ಅಲ್ಲಿ ಕೆಲಸ ಮಾಡುವವರಿಗೆ ಕಳೆದ ಶನಿವಾರ ಬಟವಾಡೆ ಆಯಿತೇ ಎಂದು ಕೇಳಿ. ಅವರ ಹೆಸರು, ದಿನ, ಕೊಟ್ಟ ದುಡ್ಡು ಬರೆದಿಡಲು ಚರ್ಚಿನಲ್ಲೇ ಒಂದು ಪುಸ್ತಕ ಇಡಿಸಿ. ನಿಮ್ಮ ಮಗ ಓದಿದವನು, ಲೆಕ್ಕ ಬರೆಯಲು ಅವನನ್ನೇ ಕೂರಿಸಬಹುದು. ಏನಾಯಿತು ಎಂದು ನನಗೆ ಬರೆಯಿರಿ, ಇದೇ ಪುಟದಲ್ಲಿ ಹಾಕುತ್ತೇನೆ.

ನಿಮ್ಮ
ಸಂಪಾದಕ