ಓದುಗರ ಪ್ರಶ್ನೆ: ನಗರಸಭೆಯವರು ಎಂಎಲ್‌ಎ ಹತ್ರ ಏನು ಕೇಳ್ಬೇಕು, ಯಾವಾಗ ಕೇಳ್ಬೇಕು?

ಪ್ರಶ್ನೆ: ಮೇಡಂ, ನಾನು ಚಿಕ್ಕಮಗಳೂರು ಕೋಟೆ ಕಡೆಯವನು, ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಹೋದ ಚಳಿಗಾಲ ಅಮೆರಿಕದಲ್ಲಿ ಮಗಳ ಮನೇಲಿದ್ದೆ, ವಾಷಿಂಗ್ಟನ್ ರಾಜ್ಯ, ಸಿಯಾಟಲ್ ಹತ್ರ ಒಂದು ಸಣ್ಣ ಊರು. ಒಂದಿನ ಸಂಜೆ ಅಳಿಯಂದ್ರು ಅಲ್ಲಿನ ಸಿಟಿ ಕೌನ್ಸಿಲ್ ಮೀಟಿಂಗಿಗೆ ಕರ್ಕೊಂಡು ಹೋದ್ರು. ಆ ಭಾಗದ ಶಾಸಕರು ಮೂರು ಜನ ಬಂದು ಕೌನ್ಸಿಲರ್‌ಗಳ ಎದುರಿಗೇ ಕೂತಿದ್ರು, ಇವರು ಒಂದು ಹಾಳೆ ಕೊಟ್ಟು ಈ ಸಲದ ಅಧಿವೇಶನದಲ್ಲಿ ನಮ್ಮೂರಿಗೆ ಇಷ್ಟು ಆಗ್ಬೇಕು ಅಂತ ಒಂದೊಂದಾಗಿ ಹೇಳಿದ್ರು, ಶಾಸಕರು ಇದು ಆಗತ್ತೆ, ಇದು ಕಷ್ಟ ಅಂತ ಅಲ್ಲೇ ಉತ್ತರ ಕೊಟ್ರು. ಹಾರ ಶಾಲು ಏನೂ ಇಲ್ಲ. ನಮ್ಮ ನಗರಸಭೇಲೂ ಹೀಗೆ ಮಾಡೋಕೆ ಕಾನೂನಲ್ಲಿ ಅವಕಾಶ ಇದ್ಯಾ?

ಉತ್ತರ: ಇದೆ ಸರ್, ಅಲ್ಲಿಗಿಂತ ಜಾಸ್ತೀನೇ ಇದೆ, ಅದಕ್ಕೇ ನಿಮ್ಮ ಪತ್ರ ಓದಿ ನಂಗೆ ಹೊಟ್ಟೆ ಉರೀತು.

ಮೊದಲು ಅಲ್ಲಿಂದು ಹೇಳ್ಬಿಡ್ತೀನಿ. ವಾಷಿಂಗ್ಟನ್ ರಾಜ್ಯದಲ್ಲಿ 49 ಕ್ಷೇತ್ರ, ಪ್ರತಿ ಕ್ಷೇತ್ರಕ್ಕೂ ಒಬ್ಬ ಸೆನೆಟರ್, ಇಬ್ಬರು ಪ್ರತಿನಿಧಿಗಳು, ಅದಕ್ಕೇ ನೀವು ಮೂರು ಜನರನ್ನ ನೋಡಿದ್ದು. ಅವರ ಅಧಿವೇಶನ ಜನವರಿ ಎರಡನೇ ಸೋಮವಾರ ಶುರುವಾಗತ್ತೆ, ಒಂದು ವರ್ಷ 105 ದಿನ, ಮುಂದಿನ ವರ್ಷ 60 ದಿನ, ಅಷ್ಟೇ. ದಿನ ಕಮ್ಮಿ ಇರೋದ್ರಿಂದ ಊರಿನವರು ಮುಂಚೇನೇ ಪಟ್ಟಿ ರೆಡಿ ಮಾಡ್ಕೊಂಡಿರ್ತಾರೆ. ಆ ಪಟ್ಟೀಲಿ ದುಡ್ಡಿನ ಜೊತೆ ಕಾನೂನು ಬದಲಾವಣೇನೂ ಇರತ್ತೆ. ಉದಾಹರಣೆಗೆ ಅಲ್ಲಿ ಊರಿನ ಒಟ್ಟು ಆಸ್ತಿ ತೆರಿಗೆ ವಸೂಲಿನ ವರ್ಷಕ್ಕೆ ಶೇ 1ಕ್ಕಿಂತ ಜಾಸ್ತಿ ಏರಿಸ್ಬೇಕು ಅಂದ್ರೆ ಜನರ ಓಟಿಗೇ ಹೋಗ್ಬೇಕು, ಹೊಸ ಕಟ್ಟಡದ ತೆರಿಗೆ ಮಾತ್ರ ಬೇರೆ. ಈ ಮಿತಿ ಸಡಿಲ ಮಾಡಿ ಅಂತ ಎಷ್ಟೋ ಊರಿನವರು ವರ್ಷಾ ವರ್ಷ ಕೇಳ್ತಾನೇ ಇದಾರೆ.

ಈಗ ನಮ್ಮದಕ್ಕೆ ಬನ್ನಿ. 1964ರ ಕರ್ನಾಟಕ ಮುನ್ಸಿಪಾಲಿಟಿ ಕಾಯ್ದೆ ಪ್ರಕಾರ ಊರಿನ ಎಂಎಲ್‌ಎ, ಎಂಪಿ ಇಬ್ಬರೂ ನಗರಸಭೆಯ ಸದಸ್ಯರೇ, ಓಟೂ ಇದೆ. ಅಂದ್ರೆ ನಮ್ಮ ಶಾಸಕರು ಅಲ್ಲಿಗೆ ಅತಿಥಿಯಾಗಿ ಬರೋ ಅಗತ್ಯಾನೇ ಇಲ್ಲ, ವಾರ್ಡ್ ಮೆಂಬರ್ ಥರಾನೇ ಅವರಿಗೂ ಅಲ್ಲೊಂದು ಕುರ್ಚಿ ಇದೆ. ಅಧ್ಯಕ್ಷರ ಎಲೆಕ್ಷನ್ ದಿನ ಆ ಕುರ್ಚಿ ತುಂಬಿರತ್ತೆ, ಉಳಿದ ಮೀಟಿಂಗಲ್ಲೂ ತುಂಬಿರ್ಲಿ ಅಂತ ಕೇಳೋದು ತಪ್ಪೇನಲ್ಲ. ಇನ್ನೊಂದು ವಿಷ್ಯ, ವಿಧಾನ ಪರಿಷತ್ತಿನ 75 ಜನರಲ್ಲಿ 25 ಜನ ಸ್ಥಳೀಯ ಸಂಸ್ಥೆಗಳಿಂದ ಆರಿಸಿ ಹೋದವರು, ಅವರಿಗೆ ಓಟು ಹಾಕೋದು ಪಂಚಾಯ್ತಿ ಮೆಂಬರ್‌ಗಳು ಮತ್ತೆ ನಮ್ಮ ನಗರಸಭೆ ಮೆಂಬರ್‌ಗಳೇ. ಓಟು ಹಾಕಿ ಕಳಿಸಿದ ಎಂಎಲ್‌ಸಿನ ಕರೆದು ಕೂರಿಸ್ಕೊಂಡು ಮಾತಾಡೋ ಹಕ್ಕು ಇವರಿಗೆ ಇಲ್ದೆ ಇನ್ಯಾರಿಗಿದೆ ಹೇಳಿ.

ನಮ್ಮಲ್ಲಿ ಇಲ್ದೇ ಇರೋದು ಆ ಒಂದು ಹಾಳೆ. ಕೆಲವು ವರ್ಷದ ಹಿಂದೆ ನಮ್ಮ ಬೀದಿ ಚರಂಡಿ ವಿಷ್ಯಕ್ಕೆ ನಾವು ಐದಾರು ಹೆಂಗಸರು ಒಂದು ಮನವಿ ಪತ್ರ ಬರೆಸ್ಕೊಂಡು ಜನಪ್ರತಿನಿಧಿಯೊಬ್ಬರ ಕಾರ್ಯಕ್ರಮಕ್ಕೆ ಹೋಗಿದ್ವಿ. ಅವರು ನಿಂತು ಕೇಳಿದ್ರು, ಫೋಟೋನೂ ಆಯ್ತು, ಆಮೇಲೆ ಪತ್ರ ಪಿಎ ಕೈಗೆ ಹೋಯ್ತು. ಪಿಎ ಕಂಕುಳಲ್ಲಿ ಒಂದು ಬಟ್ಟೆ ಚೀಲ, ಆಗ್ಲೇ ಅದರ ತುಂಬ ಮನವಿ ಪತ್ರಗಳು, ದೇವಸ್ಥಾನ ಜೀರ್ಣೋದ್ಧಾರ, ಟ್ರಾನ್ಸ್‌ಫರ್, ಬೋರ್‌ವೆಲ್, ಎಲ್ಲದರ ಜೊತೆ ನಮ್ಮದೂ ಮಡಚಿ ಒಳಗೆ ಹೋಯ್ತು. ನಮ್ಮ ಪತ್ರದ ಮೇಲೆ ಒಂದು ನಂಬರ್ ಇರ್ಲಿಲ್ಲ, ಅದರ ಹಿಂದೆ ಯಾವ ಸಭೇನೂ ಇರ್ಲಿಲ್ಲ, ಹಿಂಬರಹಾನೂ ಬರ್ಲಿಲ್ಲ. ವಾರ್ಡ್ ಮೆಂಬರ್‌ಗಳೂ ಹೀಗೇ ಒಬ್ಬೊಬ್ಬರೇ ಹೋಗಿ ತಮ್ಮ ತಮ್ಮ ವಾರ್ಡಿಗೆ ಕೇಳಿದ್ರೆ ಅವರ ಪತ್ರಾನೂ ಅದೇ ಚೀಲ ಸೇರತ್ತೆ. ಅದೇ ಇಡೀ ನಗರಸಭೆ ಕೂತು ಠರಾವು ಮಾಡಿ ಕಳಿಸಿದ್ರೆ ಅದು ದಾಖಲೆ, ಶಾಸಕರು ಅದನ್ನ ಹಿಡ್ಕೊಂಡು ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಕೇಳ್ಬಹುದು, ಮಂತ್ರಿ ಅಲ್ಲೇ ಉತ್ತರ ಕೊಡ್ಬೇಕಾಗತ್ತೆ.

ಏನು ಕೇಳ್ಬೇಕು ಅಂದ್ರೆ, ನಂಗೆ ಅನ್ನಿಸೋದು ಮೊದಲು ನೀರು. ನಾವು ಕುಡಿಯೋದು ಯಗಚಿ ಮತ್ತೆ ಹಿರೇಕೊಳಲೆ ಕೆರೆ ನೀರು, ಯಗಚಿ ಡ್ಯಾಂ ಇರೋದು ಬೇಲೂರಲ್ಲಿ, ಅಂದ್ರೆ ಹಾಸನ ಜಿಲ್ಲೇಲಿ. ಇನ್ನೊಂದು ಜಿಲ್ಲೆಯಿಂದ ನೀರು ಎತ್ತಿ ತರೋ ಊರಿಗೆ ಪೈಪು, ಪಂಪು, ಕರೆಂಟ್ ಬಿಲ್ಲು ಎಲ್ಲಾ ನಗರಸಭೆ ಒಂದರ ತಲೆ ಮೇಲೇ ಹಾಕಿದ್ರೆ ನಡೆಯಲ್ಲ, ರಾಜ್ಯಾನೂ ಕೈ ಹಿಡೀಬೇಕು. ಆಮೇಲೆ ಟೂರಿಸ್ಟ್‌ಗಳು. 2011ರ ಜನಗಣತೀಲಿ ನಮ್ಮೂರ ಲೆಕ್ಕ 1.18 ಲಕ್ಷ ಚಿಲ್ಲರೆ, ಅನುದಾನ ಹಂಚುವಾಗ ಜನಸಂಖ್ಯೆಯ ಲೆಕ್ಕ ದೊಡ್ಡದು. ಆದ್ರೆ ಶನಿವಾರ ಭಾನುವಾರ ಮುಳ್ಳಯ್ಯನಗಿರಿ ಅಂತ ಬರೋ ಗಾಡಿಗಳು ಐಜಿ ರೋಡಲ್ಲಿ ನಿಂತ್ಕೊಳೋದು, ಸೋಮವಾರ ಬೆಳಗ್ಗೆ ಪೌರಕಾರ್ಮಿಕರು ಗೋಣಿಚೀಲದಲ್ಲಿ ತುಂಬೋ ಬಾಟಲು, ಊಟದ ತಟ್ಟೆ, ಇದ್ಯಾವುದೂ ಜನಗಣತೀಲಿ ಬರಲ್ಲವಲ್ಲ. ಪ್ರವಾಸಿಗರು ಜಾಸ್ತಿ ಬರೋ ಊರುಗಳಿಗೆ ಅನುದಾನದಲ್ಲಿ ಬೇರೆ ಲೆಕ್ಕ ಇಡಿ ಅಂತ ನಮ್ಮ ನಗರಸಭೆ ಮಡಿಕೇರಿಯವರನ್ನೂ ಜೊತೆ ಸೇರಿಸ್ಕೊಂಡು ಕೇಳಿದ್ರೆ ಅದಕ್ಕೆ ತೂಕ ಇರತ್ತೆ. ಮೂರನೇದು ಪೌರಕಾರ್ಮಿಕರು, ಊರು ಬೆಳೆದಷ್ಟು ಅವರ ಸಂಖ್ಯೆ ಬೆಳೀಬೇಕು, ಆ ಹುದ್ದೆ ಮಂಜೂರು ಮಾಡೋದು ಸರ್ಕಾರ.

ಟೈಮಿಂಗೂ ಮುಖ್ಯ ಸರ್. ರಾಜ್ಯ ಬಜೆಟ್ ಬರೋದು ಫೆಬ್ರವರಿ-ಮಾರ್ಚಲ್ಲಿ, ಬಜೆಟ್ ಭಾಷಣ ಮುಗಿದ್ಮೇಲೆ ನಮ್ಮೂರಿಗೆ ಏನೂ ಇಲ್ಲ ಅಂತ ಪೇಪರಲ್ಲಿ ಹೇಳಿಕೆ ಕೊಟ್ರೆ ಏನು ಬಂತು? ಠರಾವು ಬೆಳಗಾವಿ ಅಧಿವೇಶನಕ್ಕೆ ಮುಂಚೆ, ದೀಪಾವಳಿ ಆಗ್ತಿದ್ದಂಗೆ ಆಗ್ಬೇಕು.

ಪ್ರಶ್ನೆ: ನಗರಸಭೆ ಕೇಳ್ಬಿಟ್ರೆ ಕಾನೂನು ಬದಲಾಗತ್ತಾ ಅಕ್ಕಾ? ನಾವು ಉಪ್ಪಳ್ಳಿ ಕಡೆಯವರು, ನಮ್ಮ ಮನೆ ಖಾತೆಗೆ ಅಲೆದೂ ಅಲೆದೂ ಸಾಕಾಗಿ ಕೇಳ್ತಿದೀನಿ.

ಉತ್ತರ: ಒಂದೇ ಊರು ಕೇಳಿದ್ರೆ ಕಷ್ಟ ಕಣಮ್ಮಾ, ಆದ್ರೆ ನಿಮ್ಮ ಖಾತೆ ವಿಷ್ಯಾನೇ ತಗೊಳಿ. ರೆವಿನ್ಯೂ ಸೈಟಲ್ಲಿ, ಅಂದ್ರೆ ಲೇಔಟ್ ಮಂಜೂರಾತಿ ಇಲ್ಲದ ಜಾಗದಲ್ಲಿ, ಮನೆ ಕಟ್ಕೊಂಡವರಿಗೆ ನಗರಸಭೇಲಿ ಖಾತೆ ಕೊಡೋಕೆ ದಾರೀನೇ ಇರ್ಲಿಲ್ಲ, ಕೌಂಟರಲ್ಲಿ ಕೂತ ಗುಮಾಸ್ತರನ್ನ ಬೈದು ಪ್ರಯೋಜನ ಇರ್ಲಿಲ್ಲ, ಯಾಕಂದ್ರೆ ಬೀಗ ಇದ್ದಿದ್ದು ವಿಧಾನಸೌಧದಲ್ಲಿ. ಕಾನೂನು ತಿದ್ದುಪಡಿ ಆಯ್ತು, 2025ರಲ್ಲಿ ಇಂಥ ಮನೆಗಳಿಗೆ ಬಿ ಖಾತೆ ಕೊಡೋ ಅಭಿಯಾನ ಶುರುವಾಯ್ತು. 1993ರ ಜೂನ್ 1ಕ್ಕೆ ಜಾರಿಯಾದ ಸಂವಿಧಾನದ 74ನೇ ತಿದ್ದುಪಡೀಲಿ ನೀರು, ಕಸ, ರಸ್ತೆ ಅಂತ 18 ವಿಷಯಗಳನ್ನ ಊರಿನ ಸಂಸ್ಥೆಗಳಿಗೆ ಕೊಡ್ಬಹುದು ಅಂತ ಪಟ್ಟಿ ಇದೆ, ಕೊಡೋದು ಮಾತ್ರ ರಾಜ್ಯದ ಶಾಸನಸಭೆ. ಅದಕ್ಕೇ ಅಲ್ಲಿಗೇ ಕೇಳ್ಬೇಕು ಅಂತ ಹೇಳ್ತಿರೋದು. ನೀವೀಗ ರಿಜಿಸ್ಟರ್ ಪತ್ರ, ಇಸಿ, ಕಂದಾಯ ಕಟ್ಟಿದ ರಸೀದಿ ಎಲ್ಲಾ ತಗೊಂಡು ಹೋಗಿ ಬಿ ಖಾತೆ ವಿಚಾರಿಸಿ.

ಪ್ರಶ್ನೆ: ನಾನು ಡಿಗ್ರಿ ಓದ್ತಿದೀನಿ. ನಮ್ಮಂಥವರು ಇದ್ರಲ್ಲಿ ಏನು ಮಾಡ್ಬಹುದು?

ಉತ್ತರ: ನಿನ್ನ ವಾರ್ಡಿನ ಮೆಂಬರ್ ಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಪ್ಪಾ, ಕಳೆದ ವರ್ಷ ನಮ್ಮ ನಗರಸಭೆಯಿಂದ ಸರ್ಕಾರಕ್ಕೆ ಯಾವ ಯಾವ ಠರಾವು ಹೋಗಿದೆ ಅಂತ. ಅವರಿಗೆ ಗೊತ್ತಿಲ್ಲ ಅಂದ್ರೆ 10 ರೂಪಾಯಿ ಕೊಟ್ಟು ಆರ್‌ಟಿಐ ಅರ್ಜಿ ಹಾಕು, 30 ದಿನದಲ್ಲಿ ಉತ್ತರ ಕೊಡ್ಬೇಕು. ಠರಾವಿನ ನಕಲು, ಅದಕ್ಕೆ ಸರ್ಕಾರದಿಂದ ಬಂದ ಉತ್ತರದ ನಕಲು ಎರಡನ್ನೂ ಕೇಳು, ಎರಡನೇದನ್ನ ಮರೀಬೇಡ. ಸಿಕ್ಕಿದ್ಮೇಲೆ ನಂಗೂ ಒಂದು ಕಾಪಿ ಕಳ್ಸು, ಈ ಅಂಕಣದಲ್ಲೇ ಹಾಕ್ತೀನಿ.