ರಾಯಭಾರ ಕಚೇರಿ ಎದುರಿನ ರಸ್ತೆಗೆ ಹೋರಾಟಗಾರನ ಹೆಸರಿಟ್ಟರೆ ಏನು ಪ್ರಯೋಜನ? ವಿಳಾಸವೂ ಬದಲಾಗುತ್ತದೆಯೇ?

ವಿಳಾಸ ಬದಲಾಗಲೇಬೇಕು ಅಂತೇನಿಲ್ಲ. ವಾಷಿಂಗ್ಟನ್‌ನಲ್ಲಿ ರಷ್ಯಾ ರಾಯಭಾರ ಕಚೇರಿ ಮುಂದಿನ ರಸ್ತೆಯ ಒಂದು ಭಾಗಕ್ಕೆ 2018ರಲ್ಲಿ, ಹತ್ಯೆಯಾದ ರಷ್ಯಾದ ವಿರೋಧಿ ನಾಯಕನ ಹೆಸರಲ್ಲಿ, 'ಬೋರಿಸ್ ನೆಮ್ತ್ಸೋವ್ ಪ್ಲಾಜಾ' ಎಂದು ಹೆಸರಿಟ್ಟರು. ಅದು ಗೌರವದ ಹೆಸರು ಮಾತ್ರ. ಹಳೆಯ ವಿಸ್ಕಾನ್ಸಿನ್ ಅವೆನ್ಯೂ ವಿಳಾಸ ಹಾಗೇ ಉಳಿಯಿತು. ಆದರೆ 1984ರಲ್ಲಿ ಸೋವಿಯತ್ ರಾಯಭಾರ ಕಚೇರಿ ಎದುರಿನ ಜಾಗಕ್ಕೆ ಅಮೆರಿಕದ ಸಂಸತ್ತು, ಸೋವಿಯತ್ ಸರ್ಕಾರವನ್ನು ಟೀಕಿಸುತ್ತಿದ್ದ ವಿಜ್ಞಾನಿ ಆಂದ್ರೇ ಸಖರೋವ್ ಹೆಸರಿಟ್ಟಾಗ ವಿಳಾಸವೂ ಬದಲಾಗಿತ್ತು. ಆಗ ಸಖರೋವ್ ಗೋರ್ಕಿ ನಗರದಲ್ಲಿ ಗಡೀಪಾರಾಗಿದ್ದರು.

ಇನ್ನು ಪ್ರಯೋಜನದ ಮಾತು. ರಷ್ಯಾದ ಮಾಜಿ ಉಪಪ್ರಧಾನಿ, ಪುಟಿನ್ ಅವರ ಕಟು ಟೀಕಾಕಾರ ನೆಮ್ತ್ಸೋವ್ ಅವರನ್ನು 2015ರ ಫೆಬ್ರವರಿ 27ರಂದು ಕ್ರೆಮ್ಲಿನ್ ಪಕ್ಕದ ಸೇತುವೆ ಮೇಲೆ ಗುಂಡಿಟ್ಟು ಕೊಂದರು. ಜನ ಅಲ್ಲಿ ಹೂವಿಡುತ್ತಾರೆ, ಅದನ್ನು ಮತ್ತೆ ಮತ್ತೆ ತೆಗೆದುಹಾಕಲಾಗುತ್ತದೆ. ಸ್ವಂತ ಊರಲ್ಲಿ ಹೂವಿಗೂ ಜಾಗ ಇಲ್ಲ ಅಂದಾಗ, ಬೇರೆ ಊರಿನ ಒಂದು ಫಲಕ ಸುಮ್ನೆ ಫಲಕವಾಗಿ ಉಳಿಯುವುದಿಲ್ಲ ಅಲ್ವಾ? ದಿನಾ ಆ ಕಚೇರಿಗೆ ಬರುವವರೆಲ್ಲ ಅದನ್ನು ನೋಡಲೇಬೇಕು. ಜೆಕ್ ರಾಜಧಾನಿ ಪ್ರಾಗ್ 2020ರಲ್ಲಿ ತನ್ನಲ್ಲಿರುವ ರಷ್ಯಾ ರಾಯಭಾರ ಕಚೇರಿಯ ಎದುರಿನ ಜಾಗಕ್ಕೆ ನೆಮ್ತ್ಸೋವ್ ಹೆಸರಿಟ್ಟಾಗ, ಆ ಕಚೇರಿ ಅಲ್ಲಿನ ವಿಳಾಸವನ್ನೇ ಬಿಟ್ಟು, ತನ್ನ ಕಾನ್ಸುಲೇಟ್ ಇರುವ ಬೀದಿಯ ವಿಳಾಸ ಬಳಸತೊಡಗಿತು. ಹೆಸರು ಚುಚ್ಚಿತ್ತು ಎನ್ನಲು ನನಗೆ ಇಷ್ಟು ಸಾಕು.

ಎಲ್ಲ ಪ್ರಯತ್ನಗಳೂ ಗೆಲ್ಲುವುದಿಲ್ಲ. ವಾಷಿಂಗ್ಟನ್‌ನ ಚೀನಾ ರಾಯಭಾರ ಕಚೇರಿ ಎದುರು, ಜೈಲಿನಲ್ಲಿದ್ದ ಚೀನಾದ ಮಾನವ ಹಕ್ಕುಗಳ ಹೋರಾಟಗಾರ ಲಿಯು ಶಿಯಾಬೊ ಹೆಸರಿಡುವ ಮಸೂದೆಗೆ 2016ರಲ್ಲಿ ಅಮೆರಿಕ ಸಂಸತ್ತಿನ ಮೇಲ್ಮನೆ ಸೆನೆಟ್ ಒಪ್ಪಿತು. ಸಂಬಂಧ ಕೆಡುತ್ತದೆಂದು ಶ್ವೇತಭವನ ವಿರೋಧಿಸಿತು, ಅದು ಕಾನೂನಾಗಲಿಲ್ಲ. ಲಿಯು 2017ರ ಜುಲೈನಲ್ಲಿ ಬಂಧನದಲ್ಲೇ ತೀರಿಕೊಂಡರು.