ಒಣಗದ ಬೊಂಬೆ, ಮೇಲೇಳದ ನೀರುದೋಸೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ ಹಿಡಿದಿದೆ, ಶಾಲೆಗೆ ರಜೆಯ ಮೇಲೆ ರಜೆ. ಮನೆಯೊಳಗೇ ಉಳಿದ ಮಕ್ಕಳ ಕೈಗೆ ಏನು ಕೊಡುವುದು, ಬಾಯಿಗೆ ಏನು ಕೊಡುವುದು ಎಂದು ಕೇಳಿದ ಪತ್ರಗಳೇ ಈ ಸಲ ಹೆಚ್ಚು. ಬೇರೆ ಊರಿನ ವೀಡಿಯೊ ನೋಡಿ ಮಾಡಿದ್ದು ಇಲ್ಲಿ ಕೆಟ್ಟುಹೋಯಿತು ಎಂಬ ದೂರೂ ಹಲವರದ್ದು. ಅಲ್ಲಿಂದಲೇ ಶುರು ಮಾಡೋಣ.

ಮೈದಾ, ಉಪ್ಪು ಕಲಸಿ ಮಕ್ಕಳಿಂದ ಬೊಂಬೆ ಮಾಡಿಸಿದೆ. ಎರಡು ದಿನಕ್ಕೆ ಕಲ್ಲಿನಂತಾಗುತ್ತದೆ ಎಂದಿದ್ದರು. ಹತ್ತು ದಿನವಾದರೂ ಬೆವರುತ್ತಲೇ ಇದೆ, ಈಗ ಅಡಿಯಲ್ಲಿ ಬೂಷ್ಟು ಬಂದಿದೆ. ಅಳತೆ ತಪ್ಪಿತೇ?
– ಸುರತ್ಕಲ್‌ನ ಓದುಗರು

ಅಳತೆ ತಪ್ಪಿಲ್ಲ, ನಮ್ಮ ಗಾಳಿಗೆ ಆ ಹಿಟ್ಟು ಹೊಂದುವುದಿಲ್ಲ. ಗಾಳಿಯ ತೇವ ಸುಮಾರು 75 ಶೇಕಡಾ ದಾಟಿದರೆ ಉಪ್ಪು ತಾನಾಗಿ ನೀರು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ಹೆಚ್ಚಿನ ಹೊತ್ತು ತೇವ ಅದಕ್ಕಿಂತ ಮೇಲೆಯೇ ಇರುತ್ತದೆ. ಅಡುಗೆಮನೆಯ ಉಪ್ಪಿನ ಡಬ್ಬಿ ಒದ್ದೆಯಾಗುವುದೂ ಇದೇ ಕಾರಣಕ್ಕೆ. ಫ್ಯಾನ್ ಕೆಳಗೆ ಇಟ್ಟು ಒಣಗಿಸಿದರೂ ಒಂದು ರಾತ್ರಿ ಕಳೆಯುವಾಗ ಬೊಂಬೆ ಮತ್ತೆ ಜಿಗುಟು. ಈಗ ಮಾಡಿದ್ದನ್ನು ಉಳಿಸಲೇಬೇಕೆಂದಿದ್ದರೆ ಬೂಷ್ಟು ಒರೆಸಿ, ಓವನ್‌ನಲ್ಲಿ 100 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಒಣಗಿಸಿ. ತಣಿದ ಕೂಡಲೇ ಅಡಿಭಾಗವನ್ನೂ ಬಿಡದೆ ಎಲ್ಲ ಕಡೆ ವಾರ್ನಿಷ್ ಹೊಡೆಯಿರಿ. ಅಡಿ ಬಿಟ್ಟರೆ ಅಲ್ಲಿಂದಲೇ ನೀರು ಸೇರುತ್ತದೆ.

ಮುಂದಿನ ಸಲ ಉಪ್ಪು ಬಿಟ್ಟುಬಿಡಿ. ಒಂದು ಕಪ್ ಅಡುಗೆ ಸೋಡಾ, ಅರ್ಧ ಕಪ್ ಕಾರ್ನ್‌ಫ್ಲೋರ್, ಮುಕ್ಕಾಲು ಕಪ್‌ಗೆ ತುಸು ಕಡಿಮೆ ನೀರು ತೆಗೆದುಕೊಳ್ಳಿ. ಬೇಕಾದದ್ದು ಸೋಡಾ, ಬೇಕಿಂಗ್ ಪೌಡರ್ ಅಲ್ಲ. ಪೌಡರ್ ಹಾಕಿದರೆ ನೊರೆ ಎದ್ದು ಎಲ್ಲ ಹಾಳಾಗುತ್ತದೆ. ತಣ್ಣಗಿರುವಾಗಲೇ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತೊಳಸಿ. ಮೂರು ನಾಲ್ಕು ನಿಮಿಷ ಏನೂ ಆಗದಂತೆ ಕಾಣುತ್ತದೆ, ಆಮೇಲೆ ಒಮ್ಮೆಲೇ ಗಟ್ಟಿಯಾಗುತ್ತದೆ. ಬೇಯಿಸಿ ನುರಿದ ಬಟಾಟೆಯ ಹದಕ್ಕೆ ಬಂದ ಕ್ಷಣವೇ ಇಳಿಸಿ. ಇನ್ನೊಂದು ನಿಮಿಷ ಬಿಟ್ಟರೂ ಪುಡಿಪುಡಿಯಾಗಿ, ಬೊಂಬೆ ಒಣಗುವಾಗ ಸೀಳುತ್ತದೆ. ಹಿಂಡಿದ ಒದ್ದೆ ಬಟ್ಟೆ ಮುಚ್ಚಿ ತಣಿಸಿ, ಚೆನ್ನಾಗಿ ನಾದಿ ಮಕ್ಕಳಿಗೆ ಕೊಡಿ.

ಬೊಂಬೆಯ ದಪ್ಪ ಒಂದು ಸೆಂಟಿಮೀಟರ್ ಮೀರದಿರಲಿ. ದಪ್ಪವಾದರೆ ಹೊರಗಿನ ಪದರ ಮೊದಲು ಒಣಗಿ ಕುಗ್ಗುತ್ತದೆ, ಒಳಗಿನ ಹಸಿಭಾಗ ಕುಗ್ಗಲು ಬಿಡುವುದಿಲ್ಲ. ಬಿರುಕು ಬರುವುದು ಹೀಗೆ. ಆನೆಯನ್ನೇ ಮಾಡಬೇಕೆಂದು ಮಗು ಹಟ ಹಿಡಿದರೆ ಕಾಗದದ ಉಂಡೆಯ ಮೇಲೆ ಹಿಟ್ಟನ್ನು ತೆಳ್ಳಗೆ ಹೊದೆಸಿ. ಫ್ಯಾನ್ ಕೆಳಗೆ ಆರು ಗಂಟೆಗೊಮ್ಮೆ ಮಗುಚುತ್ತಾ ಎರಡು ದಿನ ಇಡಬೇಕು, ಮಳೆ ಜೋರಾದರೆ ಮೂರು ದಿನ. ಬಣ್ಣ ಹಚ್ಚುವುದು ಪೂರ್ತಿ ಒಣಗಿದ ಮೇಲೆ. ಎಲ್ಲವನ್ನೂ ಬಾಯಿಗೆ ಹಾಕುವ ಪ್ರಾಯದ ಮಗುವಿಗೆ ಉಪ್ಪಿನ ಹಿಟ್ಟೂ ಬೇಡ, ಸೋಡಾ ಹಿಟ್ಟೂ ಬೇಡ. ಚಪಾತಿ ಹಿಟ್ಟಿನ ಒಂದು ಉಂಡೆ ಸಾಕು.

ಟಿಫಿನ್‌ಗೆ ನೀರುದೋಸೆ ಕಟ್ಟಿದರೆ ಮಧ್ಯಾಹ್ನ ಒಂದಕ್ಕೊಂದು ಅಂಟಿ ಮುದ್ದೆಯಾಗಿರುತ್ತದಂತೆ. ಕಾವಲಿಯಿಂದಲೂ ಸರಿಯಾಗಿ ಏಳುವುದಿಲ್ಲ. ಯಾಕೆ?
– ಕಂಕನಾಡಿಯ ತಾಯಿ

ಮೊದಲು ಕಾವಲಿಯ ವಿಷಯ. ಎರಡು ಕಪ್ ಬೆಳ್ತಿಗೆ ಅಕ್ಕಿ (ಕುಚ್ಚದ ಬಿಳಿ ಅಕ್ಕಿ), ನಾಲ್ಕು ಗಂಟೆ ನೆನೆಸಿ. ಅರ್ಧ ಕಪ್ ತೆಂಗಿನತುರಿ ಸೇರಿಸಿ, ಬೆರಳ ನಡುವೆ ತಿಕ್ಕಿದರೆ ತರಿ ಸಿಗದಷ್ಟು ನುಣ್ಣಗೆ ಅರೆಯಿರಿ. ಅರೆಯುವ ನೀರೂ ಸೇರಿ ಒಟ್ಟು ನೀರು ಸುಮಾರು ಐದು ಕಪ್, ಉಪ್ಪು ಒಂದು ಚಮಚ. ಹಿಟ್ಟು ಮಜ್ಜಿಗೆಯಂತೆ ಹರಿಯಬೇಕು. ಎರೆಯುವಾಗ ಜಾಳಿಗೆಯಂಥ ತೂತು ಬೀಳದೆ ದಪ್ಪಗೆ ರಬ್ಬರಿನಂತಾದರೆ ನೀರು ಕಡಿಮೆ. ತೆಗೆಯುವಾಗ ಹರಿದರೆ ನೀರು ಹೆಚ್ಚು. ಹೊಸ ಅಕ್ಕಿಯಾದರೆ ಅಂಟು ಜಾಸ್ತಿ, ಹಳೆ ಅಕ್ಕಿಯೇ ಒಳ್ಳೆಯದು.

ಹೆಚ್ಚಿನವರ ದೋಸೆ ಏಳದಿರಲು ಎರಡೇ ಕಾರಣ. ಕಾವಲಿ ಸಾಕಷ್ಟು ಕಾದಿರುವುದಿಲ್ಲ, ಇಲ್ಲವೇ ಹಿಟ್ಟು ಕದಡಿರುವುದಿಲ್ಲ. ಈ ಹಿಟ್ಟಿನಲ್ಲಿ ಅಕ್ಕಿ ಒಂದೇ ನಿಮಿಷದಲ್ಲಿ ತಳಕ್ಕೆ ಇಳಿಯುತ್ತದೆ. ಕದಡದೆ ಎರೆದರೆ ಮೊದಲ ದೋಸೆಗಳಿಗೆ ಬರೀ ನೀರು, ಕೊನೆಯವಕ್ಕೆ ಗಸಿ. ಪ್ರತಿ ಸಲವೂ ತಳದಿಂದ ಕದಡಿ. ಅರ್ಧ ಕತ್ತರಿಸಿದ ನೀರುಳ್ಳಿಯಿಂದ ಎಣ್ಣೆ ಸವರಿ, ಹೊರ ಅಂಚಿನಿಂದ ಒಳಕ್ಕೆ ಎರೆಯಿರಿ, ಸೌಟಿನಿಂದ ಹರಡಲು ಹೋಗಬೇಡಿ. ಮುಚ್ಚಳ ಹಾಕಿ ಒಂದು ನಿಮಿಷ. ಅಂಚು ತಾನಾಗಿ ಬಿಟ್ಟುಕೊಂಡ ಮೇಲೆ ತೆಗೆದರಾಯಿತು, ಮಗುಚುವುದು ಬೇಡ. ಒಂದಾದ ಮೇಲೆ ಒಂದು ಬೇಗ ಬೇಗ ಎರೆದರೆ ಕಾವಲಿ ತಣಿಯುತ್ತದೆ, ನಡುವೆ ಅರ್ಧ ನಿಮಿಷ ಕಾಯಲು ಬಿಡಿ.

ಟಿಫಿನ್‌ನಲ್ಲಿ ಅಂಟುವುದು ಹಬೆಯಿಂದ. ಬಿಸಿ ದೋಸೆಯನ್ನು ಮಡಚಿ ಒಂದರ ಮೇಲೊಂದು ಇಟ್ಟರೆ ಹಬೆ ನೀರಾಗಿ ಎಲ್ಲವನ್ನೂ ಸೇರಿಸಿಬಿಡುತ್ತದೆ. ಬಾಳೆ ಎಲೆಯ ಮೇಲೆ ಬಿಡಿಬಿಡಿಯಾಗಿ ಹಾಕಿ ಎರಡು ಮೂರು ನಿಮಿಷ ಆರಿಸಿ, ಆಮೇಲೆ ಮಡಚಿ. ಡಬ್ಬಿ ಮುಚ್ಚುವುದು ಪೂರ್ತಿ ಆರಿದ ಮೇಲೆಯೇ. ತೆಂಗು ಬಿದ್ದ ತಿಂಡಿ ಬೆಚ್ಚಗಿನ ಡಬ್ಬಿಯಲ್ಲಿ ಬೇಗ ಹಳಸುತ್ತದೆ. ಜೊತೆಗೆ ಹಸಿ ಕಾಯಿಬೆಲ್ಲ ಇಟ್ಟರೆ ನೀರು ಬಿಟ್ಟು ದೋಸೆ ನೆನೆಯುತ್ತದೆ. ಕಾಯಿ ಬೆಲ್ಲವನ್ನು ಬಾಣಲೆಯಲ್ಲಿ ಮೂರು ನಿಮಿಷ ಕಾಯಿಸಿ, ನೀರು ಆರಿಸಿದ ಹೂರಣವನ್ನು ಒಳಗಿಟ್ಟು ಸುರುಳಿ ಸುತ್ತಿದರೆ ಮಕ್ಕಳು ಕೈಯಲ್ಲಿ ಹಿಡಿದೇ ತಿಂದಾರು.

ಮಗುವಿಗೆ ಎಂಟು ತಿಂಗಳು. ರಾಗಿಯನ್ನು ಮೊಳಕೆ ಬರಿಸಿ ಒಣಗಿಸಿ ಪುಡಿ ಮಾಡಲು ಹೋದರೆ ಈ ಮಳೆಯಲ್ಲಿ ವಾಸನೆ ಬರುತ್ತಿದೆ. ಅಂಗಡಿಯ ಪುಡಿ ಬೇಡ ಎನ್ನುತ್ತಾರೆ ಅತ್ತೆ.
– ಬ್ರಹ್ಮಾವರದ ಓದುಗರು

ವಾಸನೆ ಬಂದದ್ದನ್ನು ಚೆಲ್ಲಿಬಿಡಿ, ಹುರಿದು ಸರಿಪಡಿಸಲು ನೋಡಬೇಡಿ. ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಬಿಸಿಲಿಲ್ಲದ ಕಾಲಕ್ಕೆ ಸರಿಯಾದದ್ದು ನಮ್ಮ ಹಳೆಯ ರಾಗಿ ಮಣ್ಣಿ. ಅದಕ್ಕೆ ಒಣಗಿಸುವ ಕೆಲಸವೇ ಇಲ್ಲ.

ಕಾಲು ಕಪ್ ರಾಗಿಯನ್ನು ನಾಲ್ಕೈದು ಸಲ ತೊಳೆದು ರಾತ್ರಿ ನೆನೆಸಿ. ಬೆಳಗ್ಗೆ ಒಂದು ಕಪ್ ಕುದಿಸಿ ಆರಿಸಿದ ನೀರಿನೊಂದಿಗೆ ಅರೆದು ತೆಳು ಮಲ್ ಬಟ್ಟೆಯಲ್ಲಿ ಸೋಸಿ. ಉಳಿದ ಚರಟಕ್ಕೆ ಇನ್ನರ್ಧ ಕಪ್ ನೀರು ಹಾಕಿ ಮತ್ತೊಮ್ಮೆ ಅರೆದು ಸೋಸಿ. ಮುಚ್ಚಿ ಎರಡು ಗಂಟೆ ಕದಲಿಸದೆ ಇಟ್ಟರೆ ಹಾಲು ತಳದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಮೇಲಿನ ನೀರು ಚೆಲ್ಲಿ. ತುಂಬ ಹೊತ್ತು ಹೊರಗಿಟ್ಟರೆ ಹುಳಿಯಾಗುತ್ತದೆ. ಫ್ರಿಜ್‌ನಲ್ಲಾದರೆ ಮರುದಿನದ ತನಕ ಇಡಬಹುದು.

ಒಂದು ಹೊತ್ತಿಗೆ ಈ ಗಸಿ ಒಂದು ದೊಡ್ಡ ಚಮಚ, ನೀರು ಮುಕ್ಕಾಲು ಕಪ್. ತಣ್ಣೀರಿನಲ್ಲೇ ಕದಡಿ, ಆಮೇಲೆ ಒಲೆಗಿಡಿ. ಕುದಿಯುವ ನೀರಿಗೆ ಸುರಿದರೆ ಹಿಟ್ಟಿನ ಹೊರಭಾಗ ತಕ್ಷಣ ಬೆಂದು ಒಳಗಿನದು ಹಸಿಯಾಗಿಯೇ ಉಳಿಯುತ್ತದೆ, ಗಂಟು ಎಂದರೆ ಅದೇ. ಸಣ್ಣ ಉರಿಯಲ್ಲಿ ಆರೇಳು ನಿಮಿಷ ತೊಳಸಿ, ಬಣ್ಣ ಗಾಢವಾಗಿ ಹೊಳಪು ಬಂದ ಮೇಲೆ ಇಳಿಸಿ. ಆರಿದಾಗ ಇನ್ನೂ ಗಟ್ಟಿಯಾಗುತ್ತದೆ. ಚಮಚ ಓರೆ ಮಾಡಿದರೆ ನೀರಿನಂತೆ ಸುರಿಯದೆ ನಿಧಾನ ಜಾರಬೇಕು.

ಒಂದು ವರ್ಷ ತುಂಬುವ ತನಕ ಬೆಲ್ಲ, ಉಪ್ಪು ಹಾಕಬೇಡಿ. ಜೇನು ಖಂಡಿತ ಬೇಡ, ಅದರಲ್ಲಿರಬಹುದಾದ ಬ್ಯಾಕ್ಟೀರಿಯಾ ಬೀಜಾಣು ಎಳೆಗೂಸಿನ ಕರುಳಿನಲ್ಲಿ ಬೆಳೆದು ಪ್ರಾಣಕ್ಕೇ ಅಪಾಯವಾಗುವುದುಂಟು. ಸಿಹಿ ಬೇಕಾದರೆ ಚೆನ್ನಾಗಿ ಹಣ್ಣಾದ ಬಾಳೆಹಣ್ಣು ಕಿವುಚಿ ಸೇರಿಸಿ. ಇನ್ನೊಂದು ವಿಷಯ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು, ಅದರಲ್ಲಿ ದೊಡ್ಡ ಪಾಲು ಸಿಪ್ಪೆಯಲ್ಲೇ. ನುಣ್ಣಗೆ ಸೋಸಿದಷ್ಟೂ ಅದು ಚರಟದೊಂದಿಗೆ ಹೋಗುತ್ತದೆ. ಮಗುವಿಗೆ ಹೊಂದಿದ ಮೇಲೆ, ಹತ್ತು ತಿಂಗಳ ಹೊತ್ತಿಗೆ, ಬಟ್ಟೆ ಬಿಟ್ಟು ಚಹಾ ಸೋಸುವ ಜರಡಿಗೆ ಬನ್ನಿ. ಅಂಗಡಿಯ ಪುಡಿಯ ವಿಷಯದಲ್ಲಿ ಅತ್ತೆಯ ಮಾತು ಅರ್ಧ ಸರಿ. ಸಕ್ಕರೆ ಸೇರಿಸಿದ್ದಾದರೆ ಬೇಡವೇ ಬೇಡ, ಬರೀ ರಾಗಿ ಹಿಟ್ಟಾದರೆ ತೊಂದರೆಯಿಲ್ಲ.

ಪತ್ರೊಡೆ ತಿಂದು ಐದು ವರ್ಷದ ಮಗನ ಗಂಟಲು ತುರಿಸಿತು. ಇನ್ನು ಕೊಡಬಹುದೇ?
– ಕಲ್ಯಾಣಪುರದ ಅಜ್ಜಿ

ಪತ್ರೊಡೆಗೆ ಹಿಟ್ಟು ಸವರಿ ಸುತ್ತುವ ಕೆಸುವಿನ ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ, ಚುಚ್ಚುವುದು ಅವು. ಹುಳಿ ಮತ್ತು ದೀರ್ಘ ಬೇಯಿಸುವಿಕೆ ಎರಡೂ ಬೇಕು. ಎರಡು ಕಪ್ ಅಕ್ಕಿಯ ಹಿಟ್ಟಿಗೆ ದೊಡ್ಡ ನಿಂಬೆ ಗಾತ್ರದ ಹುಣಸೆ ಕಡ್ಡಾಯ. ಮಕ್ಕಳಿಗೆಂದು ಮೆಣಸು ಕಡಿಮೆ ಮಾಡುವವರು ಜೊತೆಗೆ ಹುಳಿಯನ್ನೂ ಇಳಿಸಿಬಿಡುತ್ತಾರೆ, ತಪ್ಪುವುದು ಅಲ್ಲೇ. ಎಲೆಯ ಹಿಂದಿನ ದಪ್ಪ ನರ ಹೆರೆದು ತೆಗೆಯಿರಿ. ಸುರುಳಿಯನ್ನು ತೊಂದೂರಿನಲ್ಲಿ (ಹಬೆಯಲ್ಲಿ ಬೇಯಿಸುವ ಪಾತ್ರೆ) ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಯಿಸಿ. ದಪ್ಪ ಸುರುಳಿಯ ನಡುಭಾಗ ಅರೆಬೆಂದಿದ್ದರೆ ತುರಿಸುವುದು ಅದೇ ತುಂಡು. ಒಂದು ತುಂಡನ್ನು ದೊಡ್ಡವರು ತಿಂದು ನೋಡಿ, ಹತ್ತು ನಿಮಿಷ ಕಳೆದ ಮೇಲೆ ಮಗುವಿಗೆ ಕೊಡಿ. ತುರಿಸಿದರೆ ಮೊಸರು ಕೊಡಿ. ನಾಲಗೆ ಬಾತುಕೊಂಡರೆ, ಉಸಿರಿಗೆ ಕಷ್ಟವಾದರೆ ಕಾಯದೆ ಆಸ್ಪತ್ರೆಗೆ ಹೋಗಿ. ಏನಾಗುತ್ತಿದೆ ಎಂದು ಹೇಳಲು ಬಾರದ ಎಳೆಮಗುವಿಗೆ ಪತ್ರೊಡೆ ಬೇಡ.

ದೀಪಾವಳಿಗೆ ಮಕ್ಕಳೊಂದಿಗೆ ಗೂಡುದೀಪ ಕಟ್ಟಿದ್ದೆವು. ಗೂಡು ಒಂದು ಬದಿಗೆ ವಾಲಿತು, ಕಾಗದ ಜೋತುಬಿತ್ತು. ಈ ಸಲ ಮೊದಲೇ ಕೇಳುತ್ತಿದ್ದೇವೆ.
– ಉಳ್ಳಾಲದ ದಂಪತಿ

ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಹಸಿ ಬಿದಿರು ಒಣಗುವಾಗ ಬಾಗುತ್ತದೆ, ಗೂಡು ವಾಲಲು ಅದೂ ಒಂದು ಕಾರಣ. ಈಗಲೇ ಸೀಳಿ ಅಡುಗೆಮನೆಯ ಅಟ್ಟದಲ್ಲಿಡಿ. ಹಿಡಿಸೂಡಿಯ (ತೆಂಗಿನ ಗರಿಯ ಪೊರಕೆ) ಕಡ್ಡಿ ಒಂದು ತುದಿಗೆ ಸಪೂರ, ಹಾಗಾಗಿ ಬಳಕುತ್ತದೆ. ಸಣ್ಣ ಗೂಡಿಗೆ ಮಾತ್ರ ಆದೀತು.

20 ಸೆಂಟಿಮೀಟರ್ ಉದ್ದದ 24 ಕಡ್ಡಿ ಬೇಕು. ನಾಲ್ಕು ನಾಲ್ಕು ಸೇರಿಸಿ ಆರು ಚೌಕ ಕಟ್ಟಿ. ಒಂದು ಚೌಕ ಮೇಲೆ, ಒಂದು ಕೆಳಗೆ, ನಾಲ್ಕು ಸುತ್ತಲೂ ಮೂಲೆಯ ಮೇಲೆ ನಿಲ್ಲುವಂತೆ ಹಿಡಿದು, ಮೂಲೆಗೆ ಮೂಲೆ ದಾರದಿಂದ ಬಿಗಿಯಿರಿ. ಒಟ್ಟು ಹನ್ನೆರಡು ಗಂಟು. ಚೌಕಗಳ ನಡುವೆ ಎಂಟು ತ್ರಿಕೋನಗಳು ತಾವಾಗಿ ಬರುತ್ತವೆ. ಎಣಿಸುವ ಕೆಲಸ ಮಕ್ಕಳಿಗೆ ಕೊಡಿ, ಎಂಟು ಬಾರದಿದ್ದರೆ ಎಲ್ಲೋ ಒಂದು ಮೂಲೆ ತಪ್ಪಿದೆ.

ವಾಲಲು ನಿಜವಾದ ಕಾರಣ ಚೌಕ. ತ್ರಿಕೋನ ಅಲುಗಾಡುವುದಿಲ್ಲ, ಆದರೆ ಚೌಕವನ್ನು ಒತ್ತಿದರೆ ಓರೆಯಾಗುತ್ತದೆ. ಆದ್ದರಿಂದ ಮೇಲಿನ ಮತ್ತು ಕೆಳಗಿನ ಚೌಕಕ್ಕೆ ಮೂಲೆಯಿಂದ ಮೂಲೆಗೆ 28 ಸೆಂಟಿಮೀಟರಿನ ಒಂದೊಂದು ಕಡ್ಡಿ ಕಟ್ಟಿ; ಮೇಲಿನದರಲ್ಲೇ ಬಲ್ಬ್ ತೂಗಿಸಬಹುದು. ಉಳಿದ ನಾಲ್ಕು ಚೌಕಕ್ಕೆ ಎರಡೂ ಕರ್ಣಗಳಲ್ಲಿ ಬಿಗಿಯಾಗಿ ದಾರ ಎಳೆಯಿರಿ. ಬೆಳಕಿನಲ್ಲಿ ದಾರದ ನೆರಳು ಹೆಚ್ಚು ಕಾಣುವುದಿಲ್ಲ.

ಅಂಟಿಗೆ ಎರಡು ಚಮಚ ಮೈದಾವನ್ನು ಒಂದು ಕಪ್ ತಣ್ಣೀರಿನಲ್ಲಿ ಕದಡಿ, ಪಾರದರ್ಶಕವಾಗುವ ತನಕ ಕಾಯಿಸಿ. ಹುಳು ಬಾರದಿರಲೆಂದು ಮೈಲುತುತ್ತು ಸೇರಿಸುವುದುಂಟು. ಅದು ವಿಷ, ಮಕ್ಕಳು ಕೈಹಾಕುವಲ್ಲಿ ಬೇಡ. ಕಾಗದವನ್ನು ಸುತ್ತಲೂ ಒಂದು ಸೆಂಟಿಮೀಟರ್ ಹೆಚ್ಚು ಬಿಟ್ಟು ಕತ್ತರಿಸಿ. ಅಂಟು ಹಚ್ಚುವುದು ಕಡ್ಡಿಗೆ, ಕಾಗದಕ್ಕಲ್ಲ. ಕಾಗದ ಒದ್ದೆಯಾದರೆ ಹಿಗ್ಗಿ ಸುಕ್ಕಾಗುತ್ತದೆ. ತೇವದ ಗಾಳಿಗೂ ಅದು ಹಿಗ್ಗುತ್ತದೆ, ಬಿಸಿಲಿನ ಮಧ್ಯಾಹ್ನ ಅಂಟಿಸಿದ್ದು ತೇವದ ಸಂಜೆ ಜೋತುಬೀಳುತ್ತದೆ. ಆದ್ದರಿಂದ ಬಿಸಿಲಿನ ಮಧ್ಯಾಹ್ನ ಅಂಟಿಸಬೇಡಿ, ಮಳೆ ಬರುವ ಸಂಜೆ ಅಂಟಿಸಿ. ಅಂಟು ಒಣಗಿದ ಮೇಲೂ ಸಡಿಲವಿದ್ದರೆ ಮಂಜಿನಷ್ಟೇ ತೆಳ್ಳಗೆ ನೀರು ಸಿಂಪಡಿಸಿ, ಒಣಗುವಾಗ ಕಾಗದ ಡೋಲಿನಂತೆ ಬಿಗಿಯುತ್ತದೆ. ಬಣ್ಣ ಬಿಡುತ್ತದೆಯೇ ಎಂದು ಒಂದು ತುಂಡಿನಲ್ಲಿ ಮೊದಲು ನೋಡಿ. ಮೇಲೆ, ಕೆಳಗೆ ತೆರೆದಿರಲಿ. ಒಳಗೆ ಮೂರು ವ್ಯಾಟಿನ ಎಲ್‌ಇಡಿ ಸಾಕು, ಮೇಣದಬತ್ತಿ ಬೇಡ.

ತಿಂದರೂ ಭಯವಿಲ್ಲದ ಬಣ್ಣ ಮನೆಯಲ್ಲೇ ಇದೆಯೇ?
– ಮಣಿಪಾಲದ ಓದುಗರು

ಬಸಳೆ ಚಪ್ಪರದಲ್ಲಿ ಕಪ್ಪಾದ ಹಣ್ಣು ಇಪ್ಪತ್ತು ಕೊಯ್ದು ಕಿವುಚಿ ಸೋಸಿದರೆ ಗಾಢ ನೇರಳೆ ಶಾಯಿ ಸಿಗುತ್ತದೆ. ಬಟ್ಟೆಗೆ ತಾಗಿದರೆ ಕಲೆ, ಬಿಸಿಲಿಗೆ ಮಾಸುತ್ತದೆ. ಅದಕ್ಕಿಂತ ಚಂದದ್ದು ಅರಶಿನ. ಅರಶಿನದ ನೀರು ಬಳಿದ ಕಾಗದ ಒಣಗಿದ ಮೇಲೆ, ಕಾಲು ಕಪ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ ಅದರಲ್ಲಿ ಬರೆಯಲು ಹೇಳಿ. ಅಕ್ಷರ ಕೆಂಪಾಗಿ ಮೂಡುತ್ತದೆ. ಅದರ ಮೇಲೆ ಲಿಂಬೆರಸ ಸವರಿದರೆ ಮತ್ತೆ ಹಳದಿ. ಆರತಿಯ ಓಕುಳಿ ನೀರು ಕೆಂಪಾಗುವುದೂ ಇದೇ ಗುಣದಿಂದ, ಅಲ್ಲಿ ಹಾಕುವುದು ಸುಣ್ಣ. ಸುಣ್ಣ ಕಣ್ಣಿಗೆ ಬಿದ್ದರೆ ಸುಡುತ್ತದೆ, ಮಕ್ಕಳಿಗೆ ಸೋಡಾವೇ ಸಾಕು.

ಎರಡು ವರ್ಷದ ಮಗುವಿಗೆ ಯಾವ ಮೀನು?
– ಮಲ್ಪೆಯ ಓದುಗರು

ಕಾಣೆ ಅಥವಾ ಅಂಜಲ್. ಬೂತಾಯಿ ಒಳ್ಳೆಯದೇ, ಆದರೆ ಸಪೂರ ಮುಳ್ಳು ಹೆಚ್ಚು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಈಗ ಮಂಜುಗಡ್ಡೆಯ ಹಳೆ ಮೀನೇ ಹೆಚ್ಚು ಬರುತ್ತದೆ. ಕಿವಿರು ಕೆಂಪಾಗಿಲ್ಲದಿದ್ದರೆ, ಒತ್ತಿದ ಗುಳಿ ಹಾಗೆಯೇ ಉಳಿದರೆ ಬಿಟ್ಟು ಬನ್ನಿ. ಬೇಯಿಸಿದ ಮಾಂಸವನ್ನು ಬಿಳಿ ತಟ್ಟೆಯಲ್ಲಿ ಬೆರಳಿನಿಂದ ಎರಡು ಸಲ ಕಿವುಚಿ ನೋಡಿ, ಮುಳ್ಳು ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ. ಕುಚ್ಚಲಕ್ಕಿ ಗಂಜಿಯಲ್ಲಿ ಕಲಸುವುದು ಆಮೇಲೆ.